ಎರೆ ನೆಲದ ಆಟದಂಗಳ: ಮಣ್ಣಿನ ಸಾಂದ್ರತೆ ಮತ್ತು ತೇವದ ಮಾಪನ

ಹುಲ್ಲಿನ ಮೈದಾನ, ಕ್ರಿಕೆಟ್ ಪಿಚ್, ಕುದುರೆ ಓಟದ ಹಾದಿ ಮುಂತಾದ ಕ್ರೀಡಾನೆಲಗಳಲ್ಲಿ ಮಣ್ಣು ಎಷ್ಟು ಒತ್ತಾಗಿ ಕೂತಿದೆ, ಅದರೊಳಗೆ ಎಷ್ಟು ನೀರಿದೆ ಎಂಬುದನ್ನು ಅಂಕಿಯಲ್ಲಿ ಹೇಳುವ ವಿದ್ಯೆ. ಚೆಂಡಿನ ಪುಟಿತ, ಓಡುವವರ ಕಾಲಿಗೆ ಸಿಗುವ ಹಿಡಿತ, ಬಿದ್ದವರಿಗೆ ತಗಲುವ ಪೆಟ್ಟು, ಹುಲ್ಲಿನ ಬೇರು ಇಳಿಯುವ ಆಳ, ಮಳೆ ನಿಂತ ಮೇಲೆ ಆಟ ಮತ್ತೆ ಶುರುವಾಗಲು ಹಿಡಿಯುವ ಹೊತ್ತು ಎಲ್ಲವೂ ಬಹುಮಟ್ಟಿಗೆ ಈ ಎರಡನ್ನು ಅವಲಂಬಿಸಿವೆ. ಮರಳು ತುಂಬಿ ಕಟ್ಟಿದ ಅಂಗಳದಲ್ಲಿ ಸಾಂದ್ರತೆಯನ್ನು ಒಮ್ಮೆ, ತೇವವನ್ನು ಇನ್ನೊಮ್ಮೆ ಅಳೆದರೂ ನಡೆದೀತು. ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಎರೆ ಮಣ್ಣಿನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ತೇವ ಏರಿಳಿದಂತೆ ಮಣ್ಣಿನ ಗಾತ್ರವೇ ಹಿಗ್ಗಿ ಕುಗ್ಗುತ್ತದೆ. ಗಾತ್ರದೊಡನೆ ಸಾಂದ್ರತೆಯೂ ಬದಲಾಗುತ್ತದೆ. ಅಳೆದ ದಿನದ ತೇವವನ್ನು ಪಕ್ಕದಲ್ಲಿ ಬರೆಯದ ಸಾಂದ್ರತೆಯ ಅಂಕಿಗೆ ಈ ನೆಲದಲ್ಲಿ ಬೆಲೆಯಿಲ್ಲ.

ನೆಲದ ಸ್ವಭಾವ

ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಸವೆದು ಹುಟ್ಟಿದ ಮಣ್ಣು ಇದು. ಇದರಲ್ಲಿ ಜೇಡಿಯ ಪಾಲು ಹೆಚ್ಚು, ಆ ಜೇಡಿಯೂ ಸ್ಮೆಕ್ಟೈಟ್ ಜಾತಿಯದು. ಸ್ಮೆಕ್ಟೈಟ್‌ನ ಹಾಳೆಗಳ ನಡುವೆ ನೀರು ಸೇರಿದಾಗ ಹಾಳೆಗಳು ದೂರ ಸರಿಯುತ್ತವೆ, ನೀರು ಹೋದಾಗ ಹತ್ತಿರ ಬರುತ್ತವೆ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ ಅದೇ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿಬಿಡುವುದಕ್ಕೆ ಇದೇ ಕಾರಣ. ಡೋಣಿ ನದಿಯ ಎರಡೂ ದಂಡೆಗಳಲ್ಲಿ ಈ ಮಣ್ಣು ಆಳವಾಗಿದೆ. ಸಾರವಾಡದ ಸುತ್ತಲಿನ ಹೊಲಗಳು ಹಿಂಗಾರಿ ಜೋಳಕ್ಕೆ ಹೆಸರಾದದ್ದು ಈ ಆಳದಲ್ಲಿ ನಿಲ್ಲುವ ಹಸಿಯಿಂದ. ದಿಬ್ಬಗಳ ಕಡೆ ಹೋದಂತೆ ಮಣ್ಣು ತೆಳುವಾಗಿ, ಗರಸು ಮೇಲೆದ್ದು, ಮಡ್ಡಿ ನೆಲವಾಗುತ್ತದೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಹಲವು ನಿಂತಿರುವುದು ನೀರು ಬಸಿದು ಹೋಗುವ ಇಂಥ ಹಗುರ ನೆಲದಲ್ಲಿ. ಹೀಗೆ ಒಂದೇ ಸೀಮೆಯ ಎರಡು ಊರಿನ ಶಾಲಾ ಅಂಗಳಗಳು ಒಂದೇ ಮಳೆಗೆ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ: ಮಡ್ಡಿಯ ಮೇಲಿನ ಅಂಗಳದಲ್ಲಿ ಮಧ್ಯಾಹ್ನಕ್ಕೆ ಕಬಡ್ಡಿ ಶುರುವಾದರೆ, ಎರೆಯ ಮೇಲಿನದರಲ್ಲಿ ಮೂರು ದಿನ ಕಾಲಿಡಲಾಗುವುದಿಲ್ಲ.

ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಒಳಗೇ. ಅದರಲ್ಲೂ ಹೆಚ್ಚು ಸುರಿಯುವುದು ಸೆಪ್ಟೆಂಬರ್‌ನಲ್ಲಿ. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಒಂದು ಮೈದಾನದ ಮಣ್ಣು ವರ್ಷದೊಳಗೆ ಕೆಸರಿನಿಂದ ಕಲ್ಲಿನವರೆಗೆ ಹೋಗಿ ಬರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಇಷ್ಟು ದೊಡ್ಡ ಏರಿಳಿತವಿರುವಲ್ಲಿ ವರ್ಷಕ್ಕೊಂದು ಸಲ ಮಣ್ಣು ಪರೀಕ್ಷೆ ಮಾಡಿಸಿ ಕಡತಕ್ಕೆ ಸೇರಿಸುವುದರಿಂದ ಏನೂ ತಿಳಿಯದು.

ಮಣ್ಣಿನ ತೇವ ಅಳೆಯುವುದು ವಿಜಯಪುರಕ್ಕೆ ಹೊಸದಲ್ಲ. 1933ರಲ್ಲಿ ಅಂದಿನ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ ಬರಗಾಲದ ಸೀಮೆಗಳಿಗಾಗಿ ಒಣಬೇಸಾಯದ ಸಂಶೋಧನೆ ಕೈಗೆತ್ತಿಕೊಂಡಾಗ ಸೊಲ್ಲಾಪುರ, ಹಗರಿ, ರಾಯಚೂರು, ರೋಹ್ಟಕ್‌ಗಳ ಜೊತೆ ಅಂದು ವಿಜಾಪುರವೆನಿಸಿದ್ದ ಈ ಊರನ್ನೂ ಆರಿಸಿತು. 1970ರಲ್ಲಿ ಶುರುವಾದ ಅಖಿಲ ಭಾರತ ಸಮನ್ವಿತ ಒಣಬೇಸಾಯ ಸಂಶೋಧನಾ ಯೋಜನೆಯ ಕೇಂದ್ರಗಳಲ್ಲೂ ಇದು ಸೇರಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಇರುವ ಹಿಟ್ಟಿನಹಳ್ಳಿಯ ಕ್ಷೇತ್ರದಲ್ಲಿ ಎರೆ ಮಣ್ಣಿನ ಹಸಿ ಎಷ್ಟು ಆಳದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಓದಿನ ವಿಷಯ. ಜೋಳಕ್ಕಾಗಿ ಬೆಳೆಸಿದ ಈ ತಿಳಿವಳಿಕೆಯನ್ನು ಆಟದ ಅಂಗಳಕ್ಕೆ ತರುವುದು ಕಷ್ಟವಲ್ಲ. ಅಳೆಯುವ ಮಣ್ಣು ಅದೇ, ಸಲಕರಣೆಯೂ ಬಹುಪಾಲು ಅದೇ.

ಉಂಗುರ ಮತ್ತು ಒಲೆ

ಎಲ್ಲ ವಿಧಾನಗಳಿಗೂ ಮೂಲ ಅಳತೆ ಒಂದೇ: ಗೊತ್ತಾದ ಗಾತ್ರದ ಮಣ್ಣನ್ನು ಕದಡದೆ ತೆಗೆದು, ಹಸಿಯಾಗಿ ಒಮ್ಮೆ, ಒಣಗಿಸಿ ಒಮ್ಮೆ ತೂಗುವುದು. ಇದಕ್ಕೆ ಬೇಕಾದದ್ದು ಎರಡು ಕಡೆಯೂ ತೆರೆದ ಉಕ್ಕಿನ ಉಂಗುರ. 5 ಸೆಂಟಿಮೀಟರ್ ಒಳವ್ಯಾಸ, 5.1 ಸೆಂಟಿಮೀಟರ್ ಎತ್ತರದ ಉಂಗುರದಲ್ಲಿ 100 ಘನ ಸೆಂಟಿಮೀಟರ್ ಮಣ್ಣು ಹಿಡಿಯುತ್ತದೆ, ಲೆಕ್ಕಕ್ಕೆ ಅನುಕೂಲ. ಸಿವಿಲ್ ಎಂಜಿನಿಯರಿಂಗ್‌ನವರು ಭಾರತೀಯ ಮಾನಕ 2720ರ 29ನೇ ಭಾಗದಂತೆ ಬಳಸುವ ಕೋರ್ ಕಟರ್ ದೊಡ್ಡದು, ಸುಮಾರು 1000 ಘನ ಸೆಂಟಿಮೀಟರಿನದು. ರಸ್ತೆಗೆ ಅದು ಸರಿ. ಆಡುವ ನೆಲದಲ್ಲಿ ಅಷ್ಟು ದೊಡ್ಡ ಗುಂಡಿ ಬಿಡುವಂತಿಲ್ಲ.

ಮೊದಲು ಹುಲ್ಲನ್ನೂ ಅದರ ಬುಡದ ಒಣ ನಾರಿನ ಪದರವನ್ನೂ ಚೂರಿಯಿಂದ ಎತ್ತಿ ಬದಿಗಿಡಬೇಕು. ನಾರು ಸೇರಿದರೆ ಸಾಂದ್ರತೆ ಸುಳ್ಳಾಗಿ ಇಳಿಯುತ್ತದೆ. ಉಂಗುರದ ಒಳಮೈಗೆ ತೆಳ್ಳಗೆ ಎಣ್ಣೆ ಸವರಿ, ಚೂಪು ಅಂಚು ಕೆಳಗಿರುವಂತೆ ಇಟ್ಟು, ಮೇಲೊಂದು ಹಲಗೆಯಿಟ್ಟು ನೇರವಾಗಿ ಬಡಿದು ಇಳಿಸಬೇಕು. ವಾರೆಯಾದರೆ ಎರೆ ಮಣ್ಣು ಒಂದು ಕಡೆ ಸೀಳುತ್ತದೆ. ಉಂಗುರ ಪೂರ್ತಿ ಇಳಿದ ಮೇಲೆ ಸುತ್ತ ಅಗೆದು, ಅಡಿಯಿಂದ ಕತ್ತರಿಸಿ ಎತ್ತಿ, ಎರಡೂ ಮುಖಗಳನ್ನು ಅಂಚಿಗೆ ಸಮನಾಗಿ ಕೊಯ್ಯಬೇಕು. ತಡಮಾಡದೆ ಮುಚ್ಚಳದ ಡಬ್ಬಿಗೆ ಹಾಕಿ ತೂಗಬೇಕು; ಬೇಸಿಗೆಯ ಗಾಳಿಯಲ್ಲಿ ಹತ್ತು ನಿಮಿಷ ಬಿಟ್ಟರೂ ತೂಕ ಇಳಿಯುತ್ತದೆ. ಆಮೇಲೆ 105 ಡಿಗ್ರಿಯ ಒಲೆಯಲ್ಲಿ 24 ಗಂಟೆ. ಜೇಡಿ ಹೆಚ್ಚಿದ್ದರೆ ತೂಕ ಇಳಿಯುವುದು ನಿಲ್ಲುವವರೆಗೆ ಒಲೆಯಲ್ಲೇ ಬಿಡಬೇಕು. ಒಲೆಯಿಂದ ತೆಗೆದ ಎರೆ ಮಣ್ಣು ಗಾಳಿಯ ತೇವವನ್ನು ಬೇಗ ಹೀರುವುದರಿಂದ ಆರುವಾಗಲೂ ಮುಚ್ಚಳ ಬಿಗಿಯಾಗಿರಬೇಕು.

ಲೆಕ್ಕ ಹೀಗೆ. 100 ಘನ ಸೆಂಟಿಮೀಟರ್ ಹಸಿ ಮಣ್ಣು 172 ಗ್ರಾಂ, ಒಣಗಿದ ಮೇಲೆ 135 ಗ್ರಾಂ ತೂಗಿತೆನ್ನೋಣ. ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.35 ಗ್ರಾಂ. ಹೋದ ನೀರು 37 ಗ್ರಾಂ. ಒಣ ತೂಕದ ಮೇಲೆ ಶೇ 27, ಗಾತ್ರದ ಮೇಲೆ ಶೇ 37. ಮಣ್ಣಿನ ಕಣಗಳ ಸ್ವಂತ ಸಾಂದ್ರತೆ ಸುಮಾರು 2.65 ಆದ್ದರಿಂದ ಘನ ಭಾಗ ಗಾತ್ರದಲ್ಲಿ ಶೇ 51, ಉಳಿದ ಶೇ 49 ರಂಧ್ರ. ಆ 49ರಲ್ಲಿ 37 ನೀರಾದರೆ ಗಾಳಿಗೆ ಉಳಿದದ್ದು ಗಾತ್ರದ ಶೇ 12. ಗಾಳಿಯ ಪಾಲು ಶೇ 10ಕ್ಕಿಂತ ಇಳಿದರೆ ಬೇರು ಉಸಿರಾಡಲು ಒದ್ದಾಡುತ್ತದೆ. ಹಾಗಾಗಿ ಫುಟ್‌ಬಾಲ್ ಮೈದಾನಕ್ಕೆ ಇದು ಅಂಚಿನಲ್ಲಿರುವ, ಆದರೆ ಒಪ್ಪಬಹುದಾದ ಅಂಕಿ. ಕ್ರಿಕೆಟ್ ಪಿಚ್‌ನ ಬಯಕೆ ಬೇರೆ. ಅಲ್ಲಿ ಒಣ ಸಾಂದ್ರತೆ 1.65, ತೂಕದ ಮೇಲೆ ತೇವ ಶೇ 20 ಇದ್ದರೆ ಗಾಳಿಗೆ ಉಳಿಯುವುದು ಶೇ 5ರಷ್ಟು ಮಾತ್ರ. ಹುಲ್ಲಿಗೆ ಹಿಂಸೆ, ಚೆಂಡಿಗೆ ಒಳ್ಳೆಯದು. ಪಿಚ್ ಕಾಯುವವರು ಪಂದ್ಯ ಮುಗಿದ ಮೇಲೆ ನೆಲವನ್ನು ಚುಚ್ಚಿ, ನೀರುಣಿಸಿ, ಕರಿಕಿ ಹುಲ್ಲು ಮತ್ತೆ ಚಿಗುರಲು ವಾರಗಟ್ಟಲೆ ಬಿಡುವುದು ಇದಕ್ಕೇ.

ಒಲೆ ಇಲ್ಲದ ಕಡೆ ಬೇಗನೆ ಉತ್ತರ ಕೊಡುವ ಸಾಧನ ಕ್ಯಾಲ್ಸಿಯಂ ಕಾರ್ಬೈಡ್ ಪಾತ್ರೆ. ತೂಗಿದ ಮಣ್ಣನ್ನೂ ಕಾರ್ಬೈಡ್ ಪುಡಿಯನ್ನೂ ಬಿಗಿ ಪಾತ್ರೆಯಲ್ಲಿ ಕುಲುಕಿದರೆ ಮಣ್ಣಿನ ನೀರು ಅಸಿಟಲೀನ್ ಅನಿಲವಾಗಿ ಒತ್ತಡದ ಮುಳ್ಳನ್ನು ಏರಿಸುತ್ತದೆ. ರಸ್ತೆ ಕೆಲಸದವರಿಗೆ ಇದು ಪರಿಚಿತ. ಎರೆ ಮಣ್ಣಿನ ಹೆಂಟೆಗಳು ಒಳಗೆ ಒಡೆಯದಿದ್ದರೆ ಮಾತ್ರ ಅಂಕಿ ಕಡಿಮೆ ಬರುತ್ತದೆ. ಪಾತ್ರೆಯೊಳಗೆ ಉಕ್ಕಿನ ಗುಂಡು ಹಾಕಿ ಚೆನ್ನಾಗಿ ಕುಲುಕಬೇಕು.

ಹಿಗ್ಗು, ಕುಗ್ಗು, ಬಿರುಕು

ಉಂಗುರದ ವಿಧಾನಕ್ಕೆ ಎರೆ ಮಣ್ಣು ಎರಡು ತೊಡಕು ಒಡ್ಡುತ್ತದೆ. ತೀರಾ ಒಣಗಿದ್ದಾಗ ಉಂಗುರ ಬಡಿದರೆ ಮಣ್ಣು ಚೂರಾಗುತ್ತದೆ. ತೀರಾ ಹಸಿಯಿದ್ದಾಗ ಅದುಮಿ ಹೋಗುತ್ತದೆ. ನೀರು ಚೆನ್ನಾಗಿ ಕುಡಿಸಿದ ಎರಡು ಮೂರು ದಿನಗಳ ನಂತರದ ಹದದಲ್ಲಿ ತೆಗೆದ ಮಾದರಿಯೇ ನಂಬಿಕೆಗೆ ಅರ್ಹ. ಎರಡನೆಯ ತೊಡಕು ಬಿರುಕು. ಉಂಗುರದೊಳಗೆ ಒಂದು ಬಿರುಕು ಸಿಕ್ಕರೂ ಸಾಂದ್ರತೆ ಇಳಿಯುತ್ತದೆ, ಬಿರುಕುಗಳನ್ನೆಲ್ಲ ತಪ್ಪಿಸಿ ತೆಗೆದರೆ ಮೈದಾನದ ನಿಜಸ್ಥಿತಿ ಮರೆಯಾಗುತ್ತದೆ. ಬಿರುಕಿನ ನಡುವಿನ ಗಟ್ಟಿ ಭಾಗವನ್ನು ಅಳೆದು, ಬಿರುಕುಗಳ ಅಗಲ ಮತ್ತು ತಂತಿ ಇಳಿಸಿ ನೋಡಿದ ಆಳವನ್ನು ಬೇರೆಯಾಗಿ ಬರೆಯುವುದು ಸರಿಯಾದ ದಾರಿ.

ಒಣ ಸ್ಥಿತಿಯ ಸಾಂದ್ರತೆಗೆ ಹೆಂಟೆಯ ವಿಧಾನವಿದೆ. ಮುಷ್ಟಿಯಷ್ಟು ಹೆಂಟೆಯನ್ನು ದಾರದಿಂದ ಕಟ್ಟಿ, ಕರಗಿಸಿದ ಮೇಣದಲ್ಲಿ ಅದ್ದಿ, ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗಿದರೆ ತೂಕದ ವ್ಯತ್ಯಾಸದಿಂದ ಗಾತ್ರ ಸಿಗುತ್ತದೆ. ಹಸಿಯಾಗಿ 1.3ರ ಆಸುಪಾಸಿದ್ದ ಮಣ್ಣೇ ಒಣ ಹೆಂಟೆಯಾದಾಗ 1.7, 1.8 ತೋರಿಸುವುದು ಎರೆಯಲ್ಲಿ ಸಾಮಾನ್ಯ. ಯಾರೂ ಅದರ ಮೇಲೆ ರೋಲರ್ ಓಡಿಸಿಲ್ಲ, ಬಿಸಿಲೇ ಒತ್ತಿದೆ. ಮೇ ತಿಂಗಳಲ್ಲಿ ಅಳೆದು ಮೈದಾನ ಬಿಗಿದುಕೊಂಡಿದೆ, ಉಳುಮೆ ಬೇಕು ಎಂದು ತೀರ್ಮಾನಿಸುವವರು ಈ ವ್ಯತ್ಯಾಸ ನೋಡದೆ ಹಣ ಕಳೆಯುತ್ತಾರೆ.

ಕುಗ್ಗುವಿಕೆ ಎಷ್ಟು ದೊಡ್ಡದೆಂದು ಪಿಚ್‌ನ ಅಳತೆಯಿಂದಲೇ ನೋಡಬಹುದು. ಪಿಚ್‌ನ ಅಗಲ 3.05 ಮೀಟರ್. ಮೇಲ್ಪದರ ಒಣಗುವಾಗ ಉದ್ದದ ಅಳತೆಯಲ್ಲಿ ಶೇ 5 ಕುಗ್ಗಿತೆಂದರೆ ಈ ಅಗಲದಲ್ಲಿ ಬಿದ್ದ ಬಿರುಕುಗಳ ಒಟ್ಟು ಅಗಲ 15 ಸೆಂಟಿಮೀಟರ್. ಸಣ್ಣ ಸಣ್ಣ ನೂರು ಗೆರೆಗಳಾಗಿ ಒಡೆದರೆ ಆಟ ನಡೆಯುತ್ತದೆ. ನಾಲ್ಕೇ ದೊಡ್ಡ ಬಿರುಕುಗಳಾದರೆ ಬ್ಯಾಟರ್‌ಗೆ ಅಪಾಯ. ಪಿಚ್ ನಿಧಾನವಾಗಿ, ಹುಲ್ಲಿನ ಬೇರಿನ ಮೂಲಕ ಆಳದಿಂದ ಒಣಗಿದರೆ ಮೊದಲನೆಯದು, ಬಿಸಿಗಾಳಿಗೆ ಮೇಲಿನಿಂದ ಒಣಗಿದರೆ ಎರಡನೆಯದು. ಕರಿಕಿಯ ಬೇರು ಪಿಚ್‌ಗೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ರೋಲರ್‌ನ ಹದ

1933ರಲ್ಲೇ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಅಣೆಕಟ್ಟಿನ ಮಣ್ಣು ಒತ್ತುವ ಕೆಲಸದಲ್ಲಿದ್ದ ಎಂಜಿನಿಯರ್ ಆರ್. ಆರ್. ಪ್ರಾಕ್ಟರ್, ಒಂದೇ ಬಲದ ಪೆಟ್ಟು ಬಿದ್ದಾಗ ಮಣ್ಣು ಎಲ್ಲಕ್ಕಿಂತ ಹೆಚ್ಚು ಒತ್ತಾಗುವ ಒಂದು ತೇವಮಟ್ಟ ಇದೆ ಎಂದು ತೋರಿಸಿದರು. ಅದಕ್ಕಿಂತ ಒಣಗಿದ್ದರೆ ಕಣಗಳು ಜಾರುವುದಿಲ್ಲ, ಹೆಚ್ಚು ಹಸಿಯಿದ್ದರೆ ನೀರೇ ಜಾಗ ಹಿಡಿದುಕೊಂಡಿರುತ್ತದೆ. ಭಾರತೀಯ ಮಾನಕದ ಹಗುರ ಪರೀಕ್ಷೆಯಲ್ಲಿ 2.6 ಕಿಲೋ ಬಡಿಗೆಯನ್ನು 31 ಸೆಂಟಿಮೀಟರ್ ಎತ್ತರದಿಂದ, ಮೂರು ಪದರಗಳ ಮೇಲೆ 25 ಪೆಟ್ಟಿನಂತೆ ಬೀಳಿಸುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳ ಮಣ್ಣಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ದಿನವೂ ಮಾಡುವ ಕೆಲಸ ಇದು. ಎರೆ ಮಣ್ಣಿನಲ್ಲಿ ಈ ತೇವಮಟ್ಟ, ಅಂದರೆ ರೋಲರ್ ಓಡಿಸುವ ಹದ, ಸಾಮಾನ್ಯವಾಗಿ ಒಣ ತೂಕದ ಶೇ 20ರಿಂದ 28ರ ನಡುವೆ ಬೀಳುತ್ತದೆ.

ಪಿಚ್ ಮಾಡುವವರು ಈ ಹದವನ್ನು ಕೈಯಲ್ಲೇ ಹಿಡಿಯುತ್ತಾರೆ. ಮುಷ್ಟಿಯಲ್ಲಿ ಒತ್ತಿದ ಮಣ್ಣು ರೊಟ್ಟಿಗೆ ನಾದಿದ ಹಿಟ್ಟಿನಂತೆ ಉಂಡೆ ನಿಲ್ಲಬೇಕು, ಅಂಗೈಗೆ ಮಾತ್ರ ಅಂಟಬಾರದು. ಬಿತ್ತನೆಗೆ ಮುಂಚೆ ಹಸಿ ನೋಡುವ ರೈತರ ಕೈಗೂ ಇದೇ ಪರೀಕ್ಷೆ ಗೊತ್ತು. ಅನುಭವಿಯ ಕೈ ತಪ್ಪುವುದು ಕಡಿಮೆ. ಆದರೆ ಆ ಕೈ ನಿವೃತ್ತಿಯಾದ ದಿನ ಅದರ ಅರಿವೂ ಮೈದಾನದಿಂದ ಹೊರಟುಹೋಗುತ್ತದೆ. ಕೈಗೆ ಸರಿಯೆನಿಸಿದ ದಿನವೇ ಒಂದು ಡಬ್ಬಿ ಮಣ್ಣು ತೂಗಿ ಅಂಕಿ ಬರೆದಿಟ್ಟರೆ ಮುಂದೆ ಬರುವವರಿಗೆ ಅದು ಆಸ್ತಿ.

ಅಂಕಿಯಿದ್ದರೆ ನೀರಿನ ಲೆಕ್ಕವೂ ಸುಲಭ. ಸುಮಾರು 20.12 ಮೀಟರ್ ಉದ್ದ, 3.05 ಮೀಟರ್ ಅಗಲದ ಪಿಚ್‌ನ ವಿಸ್ತೀರ್ಣ 61 ಚದರ ಮೀಟರ್. ಮೇಲಿನ 10 ಸೆಂಟಿಮೀಟರಿನ ತೇವವನ್ನು ಗಾತ್ರದಲ್ಲಿ ಶೇ 25ರಿಂದ 37ಕ್ಕೆ ಏರಿಸಲು 12 ಮಿಲಿಮೀಟರ್ ನೀರು, ಅಂದರೆ ಸುಮಾರು 730 ಲೀಟರ್ ಸಾಕು. ಬರದ ಜಿಲ್ಲೆಯಲ್ಲಿ ಟ್ಯಾಂಕರ್‌ಗಟ್ಟಲೆ ನೀರು ಹಾಯಿಸಿ, ಅರ್ಧ ಹರಿದು ಹೋಗಲು ಬಿಡುವ ರೂಢಿಗೆ ಈ ಸಣ್ಣ ಲೆಕ್ಕವೇ ಮದ್ದು.

ವಿದ್ಯುತ್ ಸಾಧನಗಳು ಮತ್ತು ಡೋಣಿಯ ಉಪ್ಪು

ಇಂದು ಹೆಚ್ಚು ಬಳಕೆಯಲ್ಲಿರುವುದು ನೆಲಕ್ಕೆ ಎರಡು ಸರಳು ಚುಚ್ಚಿ ಕ್ಷಣದಲ್ಲಿ ತೇವ ಹೇಳುವ ಮೀಟರ್. ವಿದ್ಯುತ್ ಸ್ಪಂದನ ಸರಳಿನ ಉದ್ದಕ್ಕೂ ಹೋಗಿ ಬರಲು ಹಿಡಿಯುವ ಕಾಲ ಅಲ್ಲಿನ ಮಣ್ಣಿನ ಡೈಎಲೆಕ್ಟ್ರಿಕ್ ಗುಣವನ್ನು ಅನುಸರಿಸುತ್ತದೆ. ನೀರಿನ ಅಂಕಿ ಸುಮಾರು 80, ಮಣ್ಣಿನ ಕಣಗಳದ್ದು 3ರಿಂದ 5, ಗಾಳಿಯದ್ದು 1. ಅಂತರ ಇಷ್ಟು ದೊಡ್ಡದಿರುವುದರಿಂದ ನೀರಿನ ಪಾಲನ್ನು ಬೇರ್ಪಡಿಸಬಹುದು. 1980ರಲ್ಲಿ ಕೆನಡಾದ ಟಾಪ್, ಡೇವಿಸ್, ಅನ್ನಾನ್ ಎಂಬ ಮೂವರು ವಿಜ್ಞಾನಿಗಳು ಪ್ರಕಟಿಸಿದ ಸಮೀಕರಣ ಈ ಉಪಕರಣಗಳ ತಳಹದಿ.

ಆ ಸಮೀಕರಣ ಸಾಧಾರಣ ಮಣ್ಣುಗಳಿಗೆ ಹೊಂದುತ್ತದೆ. ಸ್ಮೆಕ್ಟೈಟ್ ಜೇಡಿ ನೀರಿನ ಒಂದು ಪಾಲನ್ನು ತನ್ನ ಮೈಗೆ ಬಿಗಿಯಾಗಿ ಕಟ್ಟಿಕೊಳ್ಳುವುದರಿಂದ ಆ ನೀರು ಉಪಕರಣಕ್ಕೆ ನೀರಿನಂತೆ ಕಾಣುವುದಿಲ್ಲ. ಇದರ ಮೇಲೆ ಉಪ್ಪು. ಡೋಣಿಯ ನೀರು ಉಪ್ಪೆಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಕಣಿವೆಯ ಅನೇಕ ಬೋರ್‌ವೆಲ್‌ಗಳದ್ದೂ ಹಾಗೇ. ಅಂಥ ನೀರು ಹಾಯಿಸಿದ ನೆಲದಲ್ಲಿ ವಿದ್ಯುತ್ ಸ್ಪಂದನ ಮಣ್ಣಿನಲ್ಲೇ ಸೋರಿಹೋಗಿ ಮೀಟರ್ ತಪ್ಪು ಹೇಳುತ್ತದೆ. ಅಗ್ಗದ ಕೆಪಾಸಿಟೆನ್ಸ್ ಮೀಟರ್‌ಗಳು ಇದ್ದದ್ದಕ್ಕಿಂತ ಹೆಚ್ಚು ತೇವ ತೋರಿಸುತ್ತವೆ. ಬಿರುಕಿನ ಪಕ್ಕ ಸರಳು ಇಳಿದರೆ ಗಾಳಿ ಸೇರಿ ಅಂಕಿ ಕುಸಿಯುತ್ತದೆ. ಡಬ್ಬಿಯ ಮೇಲೆ ಬರೆದ ನಿಖರತೆಯನ್ನು ನಂಬದೆ, ಒಣ, ನಡು, ಹಸಿ ಎಂಬ ಹಲವು ಮಟ್ಟಗಳಲ್ಲಿ ಮೀಟರ್ ಓದನ್ನೂ ಒಲೆಯ ಫಲಿತಾಂಶವನ್ನೂ ಅಕ್ಕಪಕ್ಕ ಇಟ್ಟು ಆ ಮೈದಾನದ್ದೇ ಆದ ಗೆರೆ ಎಳೆದುಕೊಳ್ಳಬೇಕು. ಇದಿಲ್ಲದೆ ಎರೆಯಲ್ಲಿ ಮೀಟರ್ ಕೊಳ್ಳುವುದು ದುಡ್ಡು ದಂಡ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ಸಿಹಿನೀರು ಬಂದ ಕಡೆ, ನೀರಿನ ಮೂಲ ಬದಲಾದ ಮೇಲೆ ಈ ಗೆರೆಯನ್ನೂ ಹೊಸದಾಗಿ ಎಳೆಯಬೇಕಾಗುತ್ತದೆ.

ನ್ಯೂಟ್ರಾನ್ ಮಾಪಕ ಇನ್ನೊಂದು. ಅಮೆರಿಸಿಯಂ–ಬೆರಿಲಿಯಂ ಮೂಲದಿಂದ ಹೊರಟ ವೇಗದ ನ್ಯೂಟ್ರಾನ್‌ಗಳನ್ನು ನೀರಿನ ಹೈಡ್ರೋಜನ್ ನಿಧಾನಗೊಳಿಸುತ್ತದೆ. ನಿಧಾನವಾದವನ್ನು ಎಣಿಸಿದರೆ ತೇವ ಸಿಗುತ್ತದೆ. ಅದೇ ಪೆಟ್ಟಿಗೆಯ ಸೀಸಿಯಂ ಮೂಲದ ಗಾಮಾ ಕಿರಣ ಸಾಂದ್ರತೆ ಹೇಳುತ್ತದೆ. ಎರಡೂ ಅಂಕಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸಿಗುವುದು ಎರೆಗೆ ಹೇಳಿ ಮಾಡಿಸಿದಂತಿದ್ದರೂ, ವಿಕಿರಣ ಮೂಲಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ತರಬೇತಾದ ಸಿಬ್ಬಂದಿ, ಭದ್ರ ಕೋಣೆ ಬೇಕು. ಶಾಲೆ, ಕಾಲೇಜಿನ ಮೈದಾನಕ್ಕೆ ಇದು ತಕ್ಕದ್ದಲ್ಲ.

ಗಡಸುತನ

ಆಡುವವರಿಗೆ ತಾಗುವುದು ಸಾಂದ್ರತೆ, ತೇವ ಎರಡೂ ಸೇರಿ ಹುಟ್ಟಿಸುವ ಗಡಸುತನ. ಪಶ್ಚಿಮ ಆಸ್ಟ್ರೇಲಿಯಾದ ಬೇಡನ್ ಕ್ಲೆಗ್ 1970ರ ದಶಕದಲ್ಲಿ ರಸ್ತೆಗಾಗಿ ರೂಪಿಸಿದ ಸುತ್ತಿಗೆ ಇದರ ಮುಖ್ಯ ಸಾಧನ. ಕೊಳವೆಯೊಳಗೆ ಬೀಳುವ ತೂಕ ನೆಲ ಮುಟ್ಟಿದಾಗ ಎಷ್ಟು ಥಟ್ಟನೆ ನಿಂತಿತೆಂಬುದನ್ನು ಗುರುತ್ವದ ಪಟ್ಟಾಗಿ ಅದು ಹೇಳುತ್ತದೆ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ಮೈದಾನಗಳಿಗೆ 100ರ ಮಿತಿ ಇಟ್ಟಿದೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳು ಬರಿಗಾಲಲ್ಲಿ ಕಬಡ್ಡಿ, ಖೋ ಖೋ ಆಡುವ ಒಣ ಎರೆ ಅಂಗಳಗಳಿಗೆ ಇಂಥದೊಂದು ಮಿತಿ ಯಾರೂ ಕೇಳುವುದಿಲ್ಲ. ಅಳತೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ಅಲ್ಲೇ. ಹಿಂದಿನ ಸಂಜೆ ನೀರು ಚಿಮುಕಿಸಿದರೂ ಪೆಟ್ಟು ಎಷ್ಟೋ ತಗ್ಗುತ್ತದೆ.

ಪಿಚ್‌ಗೆ ಹಳೆಯದೊಂದು ಪರೀಕ್ಷೆಯಿದೆ: 4.9 ಮೀಟರ್ ಎತ್ತರದಿಂದ ಕ್ರಿಕೆಟ್ ಚೆಂಡು ಬಿಟ್ಟು ಪುಟಿತ ಅಳೆಯುವುದು. 76 ಸೆಂಟಿಮೀಟರ್ ದಾಟಿದರೆ ತುಂಬ ವೇಗದ ಪಿಚ್, 38ಕ್ಕಿಂತ ಕೆಳಗಾದರೆ ನಿಧಾನ. 1960ರ ದಶಕದಲ್ಲಿ ಇಂಗ್ಲೆಂಡಿನ ಕೌಂಟಿ ಪಿಚ್‌ಗಳನ್ನು ಅಭ್ಯಾಸ ಮಾಡಿದ ವೇಲ್ಸ್‌ನ ಸ್ಟುವರ್ಟ್ ಮತ್ತು ಆಡಮ್ಸ್ ಮಣ್ಣಿನ ಸಣ್ಣ ಗುಂಡುಗಳನ್ನು ಕಟ್ಟಿ, ಒಣಗಿಸಿ, ಎಷ್ಟು ಭಾರಕ್ಕೆ ಒಡೆಯುತ್ತವೆಂದು ನೋಡಿ ಮಣ್ಣಿನ ಬಂಧಕ ಶಕ್ತಿ ತೂಗಿದರು. ಈ ಎರಡಕ್ಕೂ ದುಬಾರಿ ಯಂತ್ರ ಬೇಡ.

ನೆಲಕ್ಕೆ ಮೊನೆ ಇಳಿಸಿ ಪ್ರತಿರೋಧ ಅಳೆಯುವ ಪೆನೆಟ್ರೋಮೀಟರ್ ಕರ್ನಾಟಕದಲ್ಲಿ ನಿತ್ಯ ಬಳಕೆಯಲ್ಲಿರುವುದು ಕುದುರೆ ಓಟದಲ್ಲಿ. ಬೆಂಗಳೂರು, ಮೈಸೂರಿನ ರೇಸ್ ದಿನಗಳಲ್ಲಿ ಆ ಅಂಕಿಯನ್ನು ಪ್ರಕಟಿಸುತ್ತಾರೆ. ಓಟದ ಹಾದಿ ಗಟ್ಟಿಯೋ ಮೆತ್ತಗೋ ಎಂದು ತರಬೇತುದಾರರು ಅದರಿಂದ ತಿಳಿಯುತ್ತಾರೆ. ಹುಲ್ಲಿನ ಬೇರಿಗೆ ಸುಮಾರು 2 ಮೆಗಾಪಾಸ್ಕಲ್ ದಾಟಿದ ಪ್ರತಿರೋಧ ತಡೆಗೋಡೆ. ಒಣ ಎರೆ ಯಾವ ಮೊನೆಯನ್ನೂ ಒಳಬಿಡುವುದಿಲ್ಲವಾದ್ದರಿಂದ ಈ ಓದನ್ನು ಹದ ಇರುವ ದಿನವೇ ತೆಗೆದುಕೊಳ್ಳಬೇಕು.

ಕುಸ್ತಿಯ ಕಣ ಹುಲ್ಲಿನ ನೆಲವಲ್ಲ. ಆದರೂ ತೇವ, ಸಾಂದ್ರತೆಗಳ ಹತೋಟಿಯಲ್ಲಿ ಈ ಭಾಗದ ಗರಡಿಗಳ ಅನುಭವ ಎಲ್ಲಕ್ಕಿಂತ ಹಳೆಯದು. ಎರೆಯನ್ನು ಬಿಟ್ಟು ಕೆಂಪು ಮಣ್ಣನ್ನೇ ತಂದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆ ಬೆರೆಸಿ, ದಿನವೂ ಸನಿಕೆಯಿಂದ ಅಗೆದು ಸಡಿಲಗೊಳಿಸುತ್ತಾರೆ. ಹಿಗ್ಗಿ ಕುಗ್ಗದ ಮಣ್ಣು, ಬೇಗ ಆರದ ತೇವ, ಕಡಿಮೆ ಸಾಂದ್ರತೆ ಈ ಮೂರನ್ನೂ ಅವರು ಅಳತೆಯಿಲ್ಲದೆ ಸಾಧಿಸಿದ್ದಾರೆ.

ಬೆಂಗಳೂರಿನ ಉದಾಹರಣೆ

2015ರ ನವೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ದಕ್ಷಿಣ ಆಫ್ರಿಕಾ ಟೆಸ್ಟ್ ಮೊದಲ ದಿನದ ನಂತರ ಮಳೆಗೆ ಪೂರ್ತಿ ಕೊಚ್ಚಿಹೋಯಿತು. ಆಮೇಲೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಹೊರಾಂಗಣವನ್ನು ಅಗೆದು ಮರಳಿನ ಪದರದ ಕೆಳಗೆ ಕೊಳವೆಗಳ ಜಾಲ ಹಾಸಿ, ನೀರನ್ನು ಯಂತ್ರದಿಂದ ಕೆಳಕ್ಕೆಳೆಯುವ, ಬೇಕಾದಾಗ ಬೇರಿಗೆ ಗಾಳಿ ಊದುವ ಸಬ್‌ಏರ್ ವ್ಯವಸ್ಥೆ ಅಳವಡಿಸಿತು. ಇದು ಮರಳಿಗೆ ಮಾತ್ರ ಸಲ್ಲುವ ಪರಿಹಾರ. ನೆನೆದು ಹಿಗ್ಗಿದ ಎರೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ಅಲ್ಲಿಂದ ನೀರನ್ನು ಯಾವ ಪಂಪೂ ಬೇಗ ಎಳೆಯದು. ವಿಜಯಪುರದಲ್ಲಿ ಹೊಸ ಮೈದಾನ ಕಟ್ಟುವವರು ಒಂದೋ ಎರೆಯನ್ನು ತೆಗೆದು ಮರಳಿನ ಬೇರುಪದರ ತರಬೇಕು, ಇಲ್ಲವೇ ನಡುವೆ ಎತ್ತರ ಕೊಟ್ಟು ನೀರು ಮೇಲಿಂದಲೇ ಹರಿದು ಹೋಗುವಂತೆ ಇಳಿಜಾರು ಮಾಡಬೇಕು. ಎರೆಯ ಮೇಲೆ ಒಂದೆರಡು ಇಂಚು ಮರಳು ಹರಡುವ ನಡುದಾರಿ ಎರಡಕ್ಕಿಂತಲೂ ಕೆಟ್ಟದ್ದು: ಮರಳು ಬಿರುಕಿಗೆ ಇಳಿದು ಮಾಯವಾಗುತ್ತದೆ.



ಮಾದರಿ ತೆಗೆಯುವ ಕ್ರಮ

ಫುಟ್‌ಬಾಲ್ ಅಂಗಳದಲ್ಲಿ ಗೋಲಿನ ಬಾಯಿ, ನಡುವೃತ್ತ ಹೆಚ್ಚು ತುಳಿತಕ್ಕೆ ಸಿಕ್ಕಿರುತ್ತವೆ, ಮೂಲೆಗಳು ಸಡಿಲ. ಎಲ್ಲವನ್ನೂ ಕೂಡಿ ಸರಾಸರಿ ತೆಗೆದರೆ ಎಲ್ಲಿಯೂ ಇಲ್ಲದ ಮೈದಾನವೊಂದರ ಅಂಕಿ ಸಿಗುತ್ತದೆ. ಜಾಗಗಳನ್ನು ಮೊದಲೇ ಗುರುತಿಸಿ, ಪ್ರತಿ ಸಲ ಅದೇ ಸುತ್ತಿನಲ್ಲಿ, ಮೇಲಿನ 5 ಸೆಂಟಿಮೀಟರ್ ಮತ್ತು ಕೆಳಗಿನ 5ರಿಂದ 10 ಸೆಂಟಿಮೀಟರ್ ಎಂದು ಎರಡು ಆಳದಲ್ಲಿ ತೆಗೆಯಬೇಕು. ಜೂನ್‌ನ ಮೊದಲ ಮಳೆಗೆ ಮುಂಚೆ, ಸೆಪ್ಟೆಂಬರ್‌ನ ಮಳೆ ಮುಗಿದ ಮೇಲೆ, ಜನವರಿಯ ಒಣ ಹವೆಯಲ್ಲಿ, ಮೇ ತಿಂಗಳ ಬಿರುಕಿನಲ್ಲಿ ಹೀಗೆ ನಾಲ್ಕು ಸಲ ಅಳೆದರೆ ಎರೆ ನೆಲದ ವರ್ಷದ ನಡೆ ಕೈಗೆ ಸಿಗುತ್ತದೆ. ತಕ್ಕಡಿ, ನಾಲ್ಕಾರು ಉಂಗುರ, ಕಾಲೇಜೊಂದರ ಒಲೆಯ ಸಹಕಾರ ಇದ್ದರೆ ವಿಜಯಪುರ ನಗರದ ಮೈದಾನಗಳಷ್ಟೇ ಅಲ್ಲ, ಬಬಲೇಶ್ವರ, ತಿಕೋಟಾದ ಶಾಲೆಗಳೂ ಇದನ್ನು ಮಾಡಬಹುದು. ವಿಜ್ಞಾನದ ಮೇಷ್ಟ್ರು ಮತ್ತು ದೈಹಿಕ ಶಿಕ್ಷಣದ ಮೇಷ್ಟ್ರು ಕೂಡಿ ಮಕ್ಕಳಿಂದ ಮಾಡಿಸಬೇಕಾದ ಕೆಲಸವಿದು.

ತಿಕೋಟಾ ಕಡೆಯ ಮಡ್ಡಿ ನೆಲದಲ್ಲಿ ಗರಸಿನ ಹರಳು ಸಿಕ್ಕು ಉಂಗುರ ಇಳಿಯುವುದಿಲ್ಲ. ಅಲ್ಲಿ ಮರಳು ತುಂಬುವ ವಿಧಾನ, ಭಾರತೀಯ ಮಾನಕ 2720ರ 28ನೇ ಭಾಗ, ಬಳಕೆಗೆ ಬರುತ್ತದೆ. ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನೆಲ್ಲ ತೂಗಿಟ್ಟು, ಸಾಂದ್ರತೆ ಗೊತ್ತಿರುವ ಒಣ ಮರಳನ್ನು ಗುಂಡಿಗೆ ಸುರಿದು, ಎಷ್ಟು ಹಿಡಿಯಿತೆಂಬುದರಿಂದ ಗಾತ್ರ ಕಂಡುಕೊಳ್ಳುತ್ತಾರೆ. ಹರಳುಗಳನ್ನು ಜರಡಿಯಲ್ಲಿ ಬೇರೆ ಮಾಡಿ ಅವುಗಳ ತೂಕ, ಗಾತ್ರ ಕಳೆದ ಮೇಲೆ ಉಳಿಯುವ ನುಣುಪು ಮಣ್ಣಿನ ಸಾಂದ್ರತೆಯೇ ಹುಲ್ಲಿನ ಬೇರಿಗೆ ಸಂಬಂಧಪಟ್ಟದ್ದು. ಹರಳು ಸೇರಿಸಿಯೇ ಲೆಕ್ಕ ಹಾಕಿದರೆ ಅಂಕಿ 1.8 ದಾಟಿ, ಇಲ್ಲದ ಬಿಗಿತ ಕಾಣಿಸುತ್ತದೆ.